ಗ್ರಂಜ್ ಜಪಾನಿಗೆ ಬಂದದ್ದು ಯಾವ ದಾರಿಯಲ್ಲಿ?

1988ರಲ್ಲಿ ಅಮೆರಿಕದ ಸಿಯಾಟಲ್ ನಗರದ ಮಡ್‌ಹನಿ ಬ್ಯಾಂಡ್ ಆರು ಹಾಡುಗಳ ಸಣ್ಣ ರೆಕಾರ್ಡೊಂದನ್ನು ಹೊರತಂದಿತು. ಹೆಸರು ‘ಸೂಪರ್‌ಫಜ್ ಬಿಗ್‌ಮಫ್’. ಏನೋ ಗೂಢಾರ್ಥ ಇರಬೇಕೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅವರು ಬಳಸುತ್ತಿದ್ದ ಎರಡು ಗಿಟಾರ್ ಪೆಡಲ್‌ಗಳ, ಅಂದರೆ ಕಾಲಿನಿಂದ ತುಳಿದು ಗಿಟಾರಿನ ಸದ್ದು ಬದಲಿಸುವ ಪೆಟ್ಟಿಗೆಗಳ, ಹೆಸರು ಅದು. ಬಿಗ್ ಮಫ್ ನ್ಯೂಯಾರ್ಕಿನದು. ಸೂಪರ್ ಫಜ್ ಮಾತ್ರ ಜಪಾನಿನ ಶಿನ್-ಎಯ್ ಕಂಪನಿ ತಯಾರಿಸಿ, ಯೂನಿವಾಕ್ಸ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಮಾರಾಟವಾದದ್ದು. ಮುಂದೆ ಜಗತ್ತೆಲ್ಲ ಗ್ರಂಜ್ ಎಂದು ಕರೆದ, ಒರಟು ಗಿಟಾರ್ ಸದ್ದಿನ ರಾಕ್ ಸಂಗೀತದ ಆರಂಭದ ಮುಖ್ಯ ರೆಕಾರ್ಡುಗಳಲ್ಲಿ ಇದೂ ಒಂದು. ಅದರ ಹೆಸರಿನ ಅರ್ಧ ಪಾಲು ಜಪಾನಿನ ಸಾಮಾನು!

ಜಪಾನಿನ ರಾಕ್ ಬ್ಯಾಂಡುಗಳ ಮೇಲೆ ಗ್ರಂಜ್ ಪ್ರಭಾವ ಎಂದ ಕೂಡಲೇ ಎಲ್ಲರೂ ಹೇಳುವ ಕಥೆ ಬೇರೆ. 1991ರಲ್ಲಿ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಬಂತು, ಟೋಕಿಯೊದ ಹುಡುಗರು ಕೇಳಿದರು, ಚೌಕಳಿ ಅಂಗಿ ತೊಟ್ಟು ಗಿಟಾರ್ ಹಿಡಿದರು, ಆಯಿತು. ಇದು ಪೂರ್ತಿ ಸುಳ್ಳಲ್ಲ. ಆದರೆ ಈ ಕಥೆಯನ್ನು ನಂಬಿ ‘ಜಪಾನಿನ ನಿರ್ವಾಣ’ ಹುಡುಕಲು ಹೊರಟರೆ ಕೈಗೆ ಸಿಗುವುದು ಕಡಿಮೆ. ಸರಕು ಎರಡೂ ಕಡೆಯಿಂದ ಹರಿದಿತ್ತು, ನಿರ್ವಾಣಕ್ಕಿಂತ ಮೊದಲೇ ಹರಿಯತೊಡಗಿತ್ತು. ಜೊತೆಗೆ ಜಪಾನಿನ ಒಳ್ಳೆಯ ಬ್ಯಾಂಡುಗಳು ಸಿಯಾಟಲ್‌ನಿಂದ ತೆಗೆದುಕೊಂಡದ್ದು ಸದ್ದು ಮಾಡುವ ವಿಧಾನವನ್ನು, ವೇಷವನ್ನಲ್ಲ. ಆ ವಿಧಾನ ಯಾವುದು ಎಂಬುದು ತಿಳಿದರೆ ಮುಂದಿನದೆಲ್ಲ ಸಲೀಸು.

ಗದ್ದಲದ ಒಳಗೇನಿದೆ

ಗಿಟಾರಿನ ತಂತಿ ಮೀಟಿದಾಗ ಹೊರಡುವ ವಿದ್ಯುತ್ ಸಂಕೇತ ನುಣುಪಾಗಿ ಏರಿಳಿಯುವ ಅಲೆ. ಡಿಸ್ಟಾರ್ಷನ್ ಪೆಡಲ್ ಮೊದಲು ಅದನ್ನು ಮಿತಿಮೀರಿ ಹಿಗ್ಗಿಸುತ್ತದೆ. ಆಮೇಲೆ ಒಳಗಿನ ಡಯೋಡುಗಳು ಅಲೆಯ ನೆತ್ತಿಯನ್ನೂ ತಳವನ್ನೂ ಕತ್ತರಿಸಿ ಚಪ್ಪಟೆ ಮಾಡುತ್ತವೆ. ಹೀಗೆ ಕತ್ತರಿಸಿದಲ್ಲಿ ಮೂಲ ಸ್ವರದಲ್ಲಿ ಇಲ್ಲದಿದ್ದ ಮೇಲ್ಸ್ವರಗಳು ಹುಟ್ಟುತ್ತವೆ. ಕಿವಿಗೆ ಒರಟು ಎನಿಸುವುದು ಅವೇ. ಸೂಪರ್ ಫಜ್ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ: ಅಲೆಯ ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚುತ್ತದೆ. ಒಂದು ಏರಿಳಿತ ಇದ್ದ ಜಾಗದಲ್ಲಿ ಎರಡಾಗುತ್ತವೆ, ಅಂದರೆ ನುಡಿಸಿದ ಸ್ವರದ ಜೊತೆಗೇ ಅದರ ಮೇಲಿನ ಸ್ಥಾಯಿಯ ಸ್ವರವೂ ಕೀರಲಾಗಿ ಕೇಳಿಸುತ್ತದೆ.

ಇಷ್ಟು ಒರಟು ಸದ್ದಿನಲ್ಲಿ ನಾಲ್ಕೈದು ಸ್ವರಗಳನ್ನು ಒಟ್ಟಿಗೆ ಮೀಟುವ ಪೂರ್ಣ ಕಾರ್ಡ್ ನುಡಿಸಿದರೆ ಮೇಲ್ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ರಾಡಿಯಾಗುತ್ತವೆ. ಅದಕ್ಕೇ ಪವರ್ ಕಾರ್ಡ್ ಬಂದದ್ದು. ಅದರಲ್ಲಿರುವುದು ಷಡ್ಜ ಮತ್ತು ಪಂಚಮ, ಬೇಕಿದ್ದರೆ ಮೇಲಿನ ಷಡ್ಜ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗಾಂಧಾರ ಇಲ್ಲದ ಕಾರಣ ಅದು ಸಂತೋಷವೂ ಅಲ್ಲ ದುಃಖವೂ ಅಲ್ಲ, ಎಷ್ಟು ಗದ್ದಲ ಹೇರಿದರೂ ಕುಸಿಯದೆ ನಿಲ್ಲುತ್ತದೆ. ಗ್ರಂಜ್ ಗಿಟಾರಿಗರು ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಂದು ಸ್ವರ ಕೆಳಗಿಳಿಸಿ, ಒಂದೇ ಬೆರಳಿನಲ್ಲಿ ಪವರ್ ಕಾರ್ಡ್ ಒತ್ತುವಂತೆ ಮಾಡಿಕೊಂಡರು.

ಇನ್ನೊಂದು ಉಪಾಯ, ಮೆಲ್ಲಗೆ ಶುರುಮಾಡಿ ತಟ್ಟನೆ ಸಿಡಿಯುವುದು. ಚರಣದಲ್ಲಿ ಬಾಸ್ ಮತ್ತು ಡ್ರಮ್ ಮಾತ್ರ, ಪಲ್ಲವಿಯಲ್ಲಿ ಪೆಡಲ್ ತುಳಿದು ಗೋಡೆ ಎಬ್ಬಿಸುವುದು. ಇದು ಬಾಸ್ಟನ್ ನಗರದ ಪಿಕ್ಸೀಸ್ ಬ್ಯಾಂಡಿನ ಸೊತ್ತು. ತಾನು ಪಿಕ್ಸೀಸನ್ನು ನಕಲು ಮಾಡಲು ಹೊರಟಿದ್ದೆ ಎಂದು ನಿರ್ವಾಣದ ಕರ್ಟ್ ಕೋಬೇನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದ. ಈ ಮಾತು ನೆನಪಿರಲಿ, ಜಪಾನಿನ ಕಥೆಯಲ್ಲಿ ಮತ್ತೆ ಬೇಕಾಗುತ್ತದೆ.

ಪೆಡಲ್ ವಿಷಯದಲ್ಲಿ ಇನ್ನೂ ಒಂದು ಮಾತು. ಕೋಬೇನ್ ಕಾಲಡಿ ಇದ್ದದ್ದು ಕಿತ್ತಳೆ ಬಣ್ಣದ ಬಾಸ್ ಡಿಎಸ್-1, ಮುಂದೆ ಡಿಎಸ್-2. ಈ ಬಾಸ್ ವಾದ್ಯವಲ್ಲ, ಜಪಾನಿನ ರೋಲಂಡ್ ಕಂಪನಿಯ ಬ್ರ್ಯಾಂಡ್. ಡಿಎಸ್-1 ಬಂದದ್ದು 1978ರಲ್ಲಿ. ಅವನು ವೇದಿಕೆಯಲ್ಲಿ ಒಡೆದು ಹಾಕುತ್ತಿದ್ದ ಅಗ್ಗದ ಯೂನಿವಾಕ್ಸ್ ಗಿಟಾರುಗಳೂ ಜಪಾನಿನವೇ. 1993ರ ಪ್ರವಾಸಕ್ಕೆ ಬಳಸಿದ ಎಡಗೈ ಮುಸ್ಟಾಂಗ್ ಗಿಟಾರುಗಳನ್ನು ಫೆಂಡರ್‌ನ ಜಪಾನ್ ಶಾಖೆಯಿಂದ ತರಿಸಿದ್ದರು. ಕಾರಣದಲ್ಲಿ ರಮ್ಯತೆ ಏನೂ ಇಲ್ಲ. ಕೈಯಲ್ಲಿ ಕಾಸಿಲ್ಲದ ಹುಡುಗರು ಗಿರವಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಕೊಂಡರು, ಅಗ್ಗಕ್ಕೆ ಸಿಗುತ್ತಿದ್ದದ್ದು ಜಪಾನಿ ಮಾಲು.

ಒಸಾಕಾದ ಮೂವರು ಹುಡುಗಿಯರು

ಜಪಾನ್ ಮತ್ತು ಅಮೆರಿಕದ ವಾಯವ್ಯ ಮೂಲೆಯ ನಡುವೆ ಮೊದಲು ಸೇತುವೆ ಕಟ್ಟಿದ್ದು ಶೋನೆನ್ ನೈಫ್. 1981ರಲ್ಲಿ ಒಸಾಕಾದಲ್ಲಿ ನವೋಕೊ ಯಮಾನೊ, ಅವಳ ತಂಗಿ ಅತ್ಸುಕೊ ಮತ್ತು ಗೆಳತಿ ಮಿಚಿಯೆ ನಕತಾನಿ ಸೇರಿ ಕಟ್ಟಿದ ತಂಡ. ನ್ಯೂಯಾರ್ಕಿನ ರಮೋನ್ಸ್ ಬ್ಯಾಂಡಿನ ಮೂರು ಕಾರ್ಡಿನ ಪಂಕ್ ಇವರಿಗೆ ಮಾದರಿ. ಹಾಡುವ ವಿಷಯ ಮಾತ್ರ ಚಾಕೊಲೇಟು, ಜೆಲ್ಲಿ ಮಿಠಾಯಿ, ಪ್ರಾಣಿಗಳು. 1983ರ ಅವರ ‘ಬರ್ನಿಂಗ್ ಫಾರ್ಮ್’ ಆಲ್ಬಮನ್ನು ಎರಡು ವರ್ಷದ ನಂತರ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಪಟ್ಟಣದ ಕೆ ರೆಕಾರ್ಡ್ಸ್ ಕ್ಯಾಸೆಟ್ಟಿನಲ್ಲಿ ಹೊರತಂದಿತು. ಕೋಬೇನ್ ತನ್ನ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದದ್ದು ಇದೇ ಕೆ ರೆಕಾರ್ಡ್ಸ್‌ನ ಗುರುತನ್ನು. 1986ರಲ್ಲಿ ಸಬ್ ಪಾಪ್ ಸಂಸ್ಥೆ, ಮುಂದೆ ನಿರ್ವಾಣವನ್ನು ಬೆಳಕಿಗೆ ತಂದ ಅದೇ ಸಬ್ ಪಾಪ್, ತನ್ನ ಮೊದಲ ಎಲ್‌ಪಿ ಸಂಕಲನ ಮಾಡಿದಾಗ ಅದರಲ್ಲೂ ಶೋನೆನ್ ನೈಫ್‌ನ ಹಾಡಿತ್ತು. ಅಂದರೆ ಸಬ್ ಪಾಪ್ ಪಟ್ಟಿಯಲ್ಲಿ ನಿರ್ವಾಣಕ್ಕಿಂತ ಮೊದಲು ಬಂದವರು ಈ ಒಸಾಕಾದವರು.

ಕೋಬೇನ್ ಡೈರಿಯಲ್ಲಿ ಬರೆದಿಟ್ಟ ತನ್ನ ಮೆಚ್ಚಿನ ಐವತ್ತು ಆಲ್ಬಮ್‌ಗಳ ಪಟ್ಟಿಯಲ್ಲಿ ‘ಬರ್ನಿಂಗ್ ಫಾರ್ಮ್’ ಇದೆ. 1991ರ ಕೊನೆಗೆ ನಿರ್ವಾಣ ಬ್ರಿಟನ್ ಪ್ರವಾಸ ಹೊರಟಾಗ ಆರಂಭದ ಕಛೇರಿಗೆ ಇವರನ್ನೇ ಕರೆದೊಯ್ದರು. ಜಗತ್ತಿನ ಅತ್ಯಂತ ಬೇಡಿಕೆಯ ಬ್ಯಾಂಡ್ ಆಗುತ್ತಿದ್ದ ವಾರಗಳಲ್ಲಿ ನಿರ್ವಾಣದ ಮೊದಲು ವೇದಿಕೆ ಹತ್ತಿದವರು ಹೊಂದಾಣಿಕೆಯ ಬಟ್ಟೆ ತೊಟ್ಟು ತಿಂಡಿತಿನಿಸಿನ ಬಗ್ಗೆ ಹಾಡುವ ಹುಡುಗಿಯರು ಎಂದರೆ, ಕತ್ತಲು ಮುಖದ ಗ್ರಂಜ್ ಎಂಬ ಚಿತ್ರ ಸ್ವಲ್ಪ ಅಲುಗಾಡಬೇಕು. ಕೋಬೇನ್‌ಗೆ ಅವರಲ್ಲಿ ಹಿಡಿಸಿದ್ದು ಸರಳತೆ. ಕೈಚಳಕ ತೋರಿಸುವ ಉಸಾಬರಿ ಇಲ್ಲದೆ ನೇರವಾಗಿ ಹಾಡುವುದು.

ಅದೇ ಒಸಾಕಾದ ಇನ್ನೊಂದು ತುದಿಯಲ್ಲಿದ್ದವರು ಬೋರ್ಡಮ್ಸ್. ಯಮಂತಕ ಐ ಎಂಬ ಗಾಯಕನ ಕಿರುಚಾಟ, ಒಂದರ ಮೇಲೊಂದು ಡ್ರಮ್, ಹಾಡು ಎನ್ನಲು ಧೈರ್ಯ ಬೇಕಾದಂಥ ಹಾಡು. ಇಂಥವರಿಗೂ ಅಮೆರಿಕದ ದೊಡ್ಡ ಕಂಪನಿಯೊಂದು ರೆಕಾರ್ಡ್ ಹಂಚಲು ಮುಂದಾಯಿತು. ‘ನೆವರ್‌ಮೈಂಡ್’ ಗೆದ್ದ ಮೇಲೆ ಕಂಪನಿಗಳಿಗೆ ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ ಎಂಬ ಅಂದಾಜೇ ತಪ್ಪಿಹೋಗಿ, ವಿಚಿತ್ರವಾದದ್ದಕ್ಕೆಲ್ಲ ಸಹಿ ಹಾಕುತ್ತಿದ್ದ ಕಾಲ ಅದು. ಬೋರ್ಡಮ್ಸ್ 1993ರಲ್ಲಿ ನಿರ್ವಾಣದ ಜೊತೆ ಕೆಲವು ಊರುಗಳಲ್ಲಿ ನುಡಿಸಿದರು, 1994ರಲ್ಲಿ ಲೊಲ್ಲಪಲೂಜಾ ಉತ್ಸವದ ಮುಖ್ಯ ವೇದಿಕೆಗೂ ಹತ್ತಿದರು. ಇವರ ಸಂಗೀತ ಗ್ರಂಜ್ ಅಲ್ಲವೇ ಅಲ್ಲ. ಗ್ರಂಜ್ ತೆರೆದ ಬಾಗಿಲಿನಿಂದ ಒಳಗೆ ನುಗ್ಗಿದವರು, ಅಷ್ಟೇ.

ನಾಲ್ಕು ಊರು, ನಾಲ್ಕು ರಾತ್ರಿ

ನಿರ್ವಾಣ ಜಪಾನಿಗೆ ಬಂದದ್ದು ಒಂದೇ ಸಲ, 1992ರ ಫೆಬ್ರುವರಿಯಲ್ಲಿ. ಒಸಾಕಾ, ನಗೋಯಾ, ಕವಾಸಾಕಿ, ಕೊನೆಗೆ ಟೋಕಿಯೊದ ನಕಾನೊ ಸನ್‌ಪ್ಲಾಜಾ. ಅಲ್ಲಿಂದ ಹವಾಯಿಗೆ ಹೋದ ಕೋಬೇನ್ ಅದೇ ತಿಂಗಳ 24ರಂದು ಕೋರ್ಟ್ನಿ ಲವ್‌ಳನ್ನು ಮದುವೆಯಾದ. ಜಪಾನಿಗೆ ಮರಳಿ ಬರುವ ಮೊದಲೇ, 1994ರ ಏಪ್ರಿಲ್‌ನಲ್ಲಿ, ತೀರಿಯೂ ಹೋದ.

ಅವರು ಬಂದಿಳಿದ ಜಪಾನಿನಲ್ಲಿ ರಾಕ್ ಸಂಗೀತದ ಪರಿಸ್ಥಿತಿ ಅಮೆರಿಕದಂತಿರಲಿಲ್ಲ. 1980ರ ದಶಕದ ಕೊನೆಗೆ ಅಲ್ಲೊಂದು ಭಾರಿ ಬ್ಯಾಂಡ್ ಭರಾಟೆ ಇತ್ತು. ‘ಇಕತೆನ್’ ಎಂದು ಜನ ಕರೆಯುತ್ತಿದ್ದ ಟಿವಿ ಸ್ಪರ್ಧೆಯಲ್ಲಿ ವಾರವಾರವೂ ಹೊಸ ಬ್ಯಾಂಡುಗಳು ಬಂದು ನುಡಿಸಿ ಹೋಗುತ್ತಿದ್ದವು. 1990ರ ಕೊನೆಗೆ ಆ ಕಾರ್ಯಕ್ರಮ ನಿಂತಿತು, ಭರಾಟೆಯೂ ಇಳಿಯಿತು, ಹಿಂದೆಯೇ ಷೇರು ಮತ್ತು ಭೂಮಿಯ ಬೆಲೆಯ ಗುಳ್ಳೆಯೂ ಒಡೆಯಿತು. ಅಮೆರಿಕದಲ್ಲಿ ಗ್ರಂಜ್ ಬಂದು ಉದ್ದ ಕೂದಲಿಗೆ ಸ್ಪ್ರೇ ಹೊಡೆದುಕೊಂಡು ಮೇಕಪ್ ಹಾಕಿಕೊಂಡಿದ್ದ ಮೆಟಲ್ ಬ್ಯಾಂಡುಗಳನ್ನು ಮನೆಗೆ ಕಳುಹಿಸಿತು ಎನ್ನುತ್ತಾರೆ. ಜಪಾನಿನಲ್ಲಿ ಹಾಗೇನೂ ಆಗಲಿಲ್ಲ. ಎಕ್ಸ್ ಜಪಾನ್, ಲೂನಾ ಸೀ ಮುಂತಾದ ವಿಶುವಲ್ ಕೇ, ಅಂದರೆ ವೇಷಭೂಷಣಕ್ಕೆ ಹೆಸರಾದ, ಬ್ಯಾಂಡುಗಳು ಮೇಕಪ್ಪಿನ ಸಮೇತ ಇಡೀ 90ರ ದಶಕವನ್ನು ಆಳಿದವು. ಸಿಡಿ ಮಾರಾಟ ಏರುತ್ತಲೇ ಹೋಗಿ 1998ರಲ್ಲಿ ಶಿಖರ ಮುಟ್ಟಿತು. ಕವಾಟು ತುಂಬಿದ್ದ ಮಾರುಕಟ್ಟೆಗೆ ಗ್ರಂಜ್ ಇನ್ನೊಂದು ಆಮದು ಸಂಗೀತ ಮಾತ್ರ.

ಅಂಗಡಿ ಬೀದಿಯಲ್ಲಿ ಮಾತ್ರ ಅದು ಭರ್ಜರಿಯಾಗಿ ಓಡಿತು. ಹರಾಜುಕು, ಕೊಯೆಂಜಿ ಕಡೆಯ ಹಳೆ ಬಟ್ಟೆ ಅಂಗಡಿಗಳಲ್ಲಿ ಅಮೆರಿಕದಿಂದ ಬಂದ ಮಾಸಿದ ಅಂಗಿ, ಹರಿದ ಜೀನ್ಸ್ ರಾಶಿ. ನಂಬರ್ ನೈನ್ ಎಂಬ ಟೋಕಿಯೊ ಫ್ಯಾಷನ್ ಬ್ರ್ಯಾಂಡ್ 2003ರಲ್ಲಿ ಮಡ್‌ಹನಿಯ ಹಾಡೊಂದರ ಹೆಸರಿಟ್ಟು, ಕೋಬೇನ್ ಉಡುಪಿನ ಜಾಡಿನಲ್ಲಿ ಇಡೀ ಸಂಗ್ರಹವೊಂದನ್ನು ತಂದಿತು. ಇವತ್ತು ಆ ಬಟ್ಟೆಗಳ ಮರುಮಾರಾಟ ಬೆಲೆ ಕೇಳಿದರೆ ಗಿರವಿ ಅಂಗಡಿ ಗಿರಾಕಿ ಕೋಬೇನ್ ನಕ್ಕುಬಿಡುತ್ತಿದ್ದ.

ಸಂಗೀತ ಕಟ್ಟುವವರ ಮಟ್ಟಿಗೆ ಪ್ರಭಾವ ನಿಧಾನವಾಗಿ ಇಳಿಯಿತು, ಮೂರು ನಾಲ್ಕು ಬೇರೆ ಬೇರೆ ಕವಲುಗಳಲ್ಲಿ.

ಹಾಡಿನ ಹೆಸರೇ ಬ್ಯಾಂಡಿನ ಹೆಸರು

ಒಂದು ಕವಲು ನಿಧಾನ ಮತ್ತು ಭಾರದ್ದು. ನಿರ್ವಾಣಕ್ಕೆ ಗುರುಸ್ಥಾನದಲ್ಲಿದ್ದವರು ಮೆಲ್ವಿನ್ಸ್. ಕೋಬೇನ್ ಹುಡುಗನಾಗಿದ್ದಾಗ ಅವರ ಅಭ್ಯಾಸ ನೋಡುತ್ತ ಕೂರುತ್ತಿದ್ದ, ಸಾಮಾನು ಹೊರುತ್ತಿದ್ದ. ಅವರ ಡ್ರಮ್ಮರ್ ಡೇಲ್ ಕ್ರೋವರ್ ನಿರ್ವಾಣದ ಮೊದಲ ಆಲ್ಬಮಿನ ಮೂರು ಹಾಡಿಗೆ ನುಡಿಸಿದ. 1991ರ ಮೆಲ್ವಿನ್ಸ್ ಆಲ್ಬಮ್ ‘ಬುಲ್‌ಹೆಡ್’ ಶುರುವಾಗುವುದು ‘ಬೋರಿಸ್’ ಎಂಬ ಹಾಡಿನಿಂದ. ಎಂಟು ನಿಮಿಷಕ್ಕೂ ಮಿಕ್ಕ, ಆನೆ ಹೆಜ್ಜೆಯ ಹಾಡು. ಮರುವರ್ಷ ಟೋಕಿಯೊದಲ್ಲಿ ಹುಟ್ಟಿದ ಬ್ಯಾಂಡೊಂದು ಆ ಹಾಡಿನ ಹೆಸರನ್ನೇ ಇಟ್ಟುಕೊಂಡಿತು.

ಬೋರಿಸ್ ಎಂದರೆ ಮುಖ್ಯವಾಗಿ ಮೂವರು: ತಕೇಶಿ, ವಾಟಾ, ಅತ್ಸುವೊ. ವಾಟಾ ಗಿಟಾರ್ ನುಡಿಸುವಾಗ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ, ಹಿಂದೆ ನಿಂತ ಆಂಪ್‌ಗಳಿಂದ, ಅಂದರೆ ಸದ್ದು ಹಿಗ್ಗಿಸುವ ಪೆಟ್ಟಿಗೆಗಳಿಂದ, ಮಾತ್ರ ಎದೆ ನಡುಗಿಸುವ ಸದ್ದು. 1996ರ ‘ಆಬ್ಸಲ್ಯೂಟೆಗೊ’ ಇಡೀ ಆಲ್ಬಮಿಗೆ ಒಂದೇ ಹಾಡು, ಸುಮಾರು ಒಂದು ಗಂಟೆ. ಶ್ರುತಿ ಎಷ್ಟು ಕೆಳಗಿದೆ ಎಂದರೆ ತಂತಿ ಸಡಿಲವಾಗಿ ಜೋಲಾಡುವುದು ಕೇಳಿಸುತ್ತದೆ. ಹಾಗೆಂದು ಅವರನ್ನು ಮೆಲ್ವಿನ್ಸ್ ಭಕ್ತರೆಂದು ಮೂಲೆಗಿಡುವಂತಿಲ್ಲ. 2005ರ ‘ಪಿಂಕ್’ ಆಲ್ಬಮಿನಲ್ಲಿ ಮಂಜಿನಂಥ ಹಾಡೊಂದು ಮುಗಿಯುತ್ತಿದ್ದಂತೆ ಬಿರುಸಿನ ಪಂಕ್ ಎರಗುತ್ತದೆ. ಮರುವರ್ಷ ಸಿಯಾಟಲ್ ಮೂಲದ ಸನ್ ಓ ತಂಡದ ಜೊತೆ ಸೇರಿ ಮಾಡಿದ ‘ಆಲ್ಟರ್’ ಆಲ್ಬಮಿನ ಒಂದು ಹಾಡಿಗೆ ಗಿಟಾರ್ ನುಡಿಸಿದ್ದು ಸಿಯಾಟಲ್‌ನ ಸೌಂಡ್‌ಗಾರ್ಡನ್ ಬ್ಯಾಂಡಿನ ಕಿಮ್ ಥಾಯಿಲ್, ಗ್ರಂಜ್ ಮೊದಲ ಪಂಕ್ತಿಯ ಗಿಟಾರಿಗ. ಇವನ ತಂದೆತಾಯಿ ಕೇರಳದವರು ಎಂಬುದು ನಮ್ಮ ಕಡೆಯವರಿಗೆ ಒಂದು ಸಣ್ಣ ಖುಷಿ.

2023ರಲ್ಲಿ ಮೆಲ್ವಿನ್ಸ್ ಮತ್ತು ಬೋರಿಸ್ ಒಟ್ಟಿಗೇ ಅಮೆರಿಕ ಸುತ್ತಿದರು. ಮೆಲ್ವಿನ್ಸ್ ‘ಬುಲ್‌ಹೆಡ್’ ಆಲ್ಬಮನ್ನು ಪೂರ್ತಿ ನುಡಿಸುವ ಪ್ರವಾಸ ಅದು. ಬೋರಿಸ್ ನುಡಿಸುತ್ತಿದ್ದ ಅದೇ ವೇದಿಕೆಯ ಮೇಲೆಯೇ ಅವರಿಗೆ ಹೆಸರು ಕೊಟ್ಟ ಹಾಡು ಊರೂರಲ್ಲಿ ಮೊಳಗಿತು.

ಫುಕುವೊಕಾದ ನಂಬರ್ ಗರ್ಲ್

ಒಂದೇ ಬ್ಯಾಂಡ್ ಕೇಳಲು ವ್ಯವಧಾನ ಇದ್ದವರಿಗೆ ನಾನು ಹೇಳುವುದು ನಂಬರ್ ಗರ್ಲ್ ಹೆಸರನ್ನು. 1995ರಲ್ಲಿ ದಕ್ಷಿಣದ ಫುಕುವೊಕಾ ನಗರದಲ್ಲಿ ಶುರುವಾದ ನಾಲ್ವರ ತಂಡ. ಹಾಡು ಮತ್ತು ಟೆಲಿಕ್ಯಾಸ್ಟರ್ ಗಿಟಾರ್ ಮುಕಾಯಿ ಶುತೊಕು, ಜಾಜ್‌ಮಾಸ್ಟರ್ ಗಿಟಾರ್ ತಬುಚಿ ಹಿಸಾಕೊ, ಬಾಸ್ ನಕಾವೊ ಕೆಂತಾರೊ, ಡ್ರಮ್ ಅಹಿತೊ ಇನಜಾವಾ. ಮುಕಾಯಿಯನ್ನು ನೋಡಿದರೆ ರಾಕ್ ಗಾಯಕ ಎನ್ನುವುದಿಲ್ಲ. ಕನ್ನಡಕ, ಗುಮಾಸ್ತನಂಥ ಅಂಗಿ. ಕಛೇರಿಯಲ್ಲಿ ಮೈಕ್ ಮುಂದೆ ನಿಂತು, ಹಳೆಯ ಕಾಲದ ವಿನಯದ ಧಾಟಿಯಲ್ಲಿ ‘ಫುಕುವೊಕಾ ನಗರದ ಹಕಾಟಾ ವಾರ್ಡಿನಿಂದ ಬಂದಿದ್ದೇವೆ, ನಂಬರ್ ಗರ್ಲ್’ ಎಂದು ಪರಿಚಯ ಹೇಳಿಕೊಳ್ಳುತ್ತಿದ್ದ. ಮರುಕ್ಷಣ ಕಿವಿ ತೂತಾಗುವಂತೆ ಶುರು.

1999ರ ‘ಸ್ಕೂಲ್ ಗರ್ಲ್ ಡಿಸ್ಟಾರ್ಷನಲ್ ಅಡಿಕ್ಟ್’ ಆಲ್ಬಮ್ ಕೇಳಿದರೆ ಎರಡು ಸಂಗತಿ ಗಮನಕ್ಕೆ ಬರುತ್ತವೆ. ಮೊದಲನೆಯದು, ಹಾಡುವ ದನಿ ಗಿಟಾರುಗಳ ಅಡಿಯಲ್ಲಿ ಹೂತುಹೋಗಿದೆ. ಜಪಾನಿನ ಪಾಪ್ ರೆಕಾರ್ಡುಗಳಲ್ಲಿ ದನಿಯನ್ನು ಎಲ್ಲಕ್ಕಿಂತ ಮುಂದೆ ನಿಲ್ಲಿಸುವುದು ವಾಡಿಕೆ, ದೊಡ್ಡ ಕಂಪನಿಗೆ ಮಾಡಿದ ಮೊದಲ ಆಲ್ಬಮಿನಲ್ಲೇ ಇವರು ಅದನ್ನು ತಲೆಕೆಳಗು ಮಾಡಿದರು. ಎರಡನೆಯದು, ಗದ್ದಲ ಇದೆ, ಕೆಸರಿಲ್ಲ. ಸಿಯಾಟಲ್ ಗಿಟಾರುಗಳ ಸದ್ದು ದಪ್ಪ, ಮಂದ. ಮುಕಾಯಿಯ ಟೆಲಿಕ್ಯಾಸ್ಟರ್ ಸದ್ದು ಒಡೆದ ಗಾಜಿನ ಚೂರು. ಹುಡುಗಿ, ಬೇಸಿಗೆಯ ಬಿಸಿಲು, ನಗರ, ನೆನಪೋ ಭ್ರಮೆಯೋ ಗೊತ್ತಾಗದ ಚಿತ್ರಗಳು ಎಂದು ಅವನು ಹಾಡುವ ವಸ್ತುವಿಗೆ ಆ ಸದ್ದು ಹೊಂದುತ್ತದೆ. ಹಾಡುವುದು ಎಂದರೂ ಪೂರ್ತಿ ಸರಿಯಲ್ಲ. ಜಪಾನಿ ಭಾಷೆಯಲ್ಲಿ ಅಕ್ಷರಗಳು ಬಹುಪಾಲು ಸ್ವರಾಂತ, ಒಂದೊಂದಕ್ಕೂ ಹೆಚ್ಚುಕಡಿಮೆ ಒಂದೊಂದು ಮಾತ್ರೆ. ಇಂಗ್ಲಿಷ್ ಹಾಡುಗಾರ ಒಂದು ಅಕ್ಷರವನ್ನು ಎಳೆದಾಡಿ ಗೋಳಾಡುವ ಕಡೆ ಮುಕಾಯಿ ಅಕ್ಷರಗಳನ್ನು ಡ್ರಮ್ಮಿನ ಏಟಿನಂತೆ ಒಂದರ ಹಿಂದೊಂದು ಹೊಡೆಯುತ್ತಾನೆ.

ಇವರನ್ನು ಗ್ರಂಜ್ ಪ್ರಭಾವದ ಬ್ಯಾಂಡ್ ಎಂದು ಕರೆಯಬಹುದೇ? ಅದೇ ಆಲ್ಬಮಿನ ಎರಡನೇ ಹಾಡಿನ ಹೆಸರು ‘ಪಿಕ್ಸೀ ದೂ’. ಪಿಕ್ಸೀಸ್ ಮತ್ತು ಮಿನೆಸೋಟಾದ ಹಸ್ಕರ್ ದೂ, ಎರಡು ಬ್ಯಾಂಡುಗಳ ಹೆಸರು ಕೂಡಿಸಿ ಹೊಲಿದದ್ದು. ಇವೆರಡೂ ಕೋಬೇನ್ ನೀರು ಕುಡಿದ ಬಾವಿಗಳೇ. ಹಾಗಾಗಿ ನಂಬರ್ ಗರ್ಲ್ ನಿರ್ವಾಣದ ಮಕ್ಕಳಲ್ಲ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಜಪಾನಿನಲ್ಲಿ ಗ್ರಂಜ್ ಹುಡುಕುವವರು ಎಡವುವುದು ಇಲ್ಲೇ. ನಿರ್ವಾಣ ಕೇಳಿದ ಹುಡುಗರಲ್ಲಿ ಚುರುಕಾದವರು ನಿರ್ವಾಣ ಏನನ್ನು ಕೇಳಿತ್ತು ಎಂದು ಹಿಂದಕ್ಕೆ ಹೋದರು. ಆಮದು ರೆಕಾರ್ಡುಗಳು ಧಾರಾಳವಾಗಿ ಸಿಗುತ್ತಿದ್ದ ದೇಶದಲ್ಲಿ ಅದು ಕಷ್ಟವೂ ಆಗಿರಲಿಲ್ಲ. ಅಲ್ಲಿನವರು ಈ ಇಡೀ ಬಳಗಕ್ಕೆ ಗ್ರಂಜ್ ಎನ್ನದೆ ‘ಒರುತನಾ’ ಎನ್ನುತ್ತಾರೆ, ಆಲ್ಟರ್ನೇಟಿವ್ ಎಂಬುದರ ಮೊಟಕು ರೂಪ.

ಮುಂದಿನ ಆಲ್ಬಮ್ ‘ಸಪ್ಪುಕೆಯ್’ ರೆಕಾರ್ಡ್ ಮಾಡಲು ಅವರು ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿದ್ದ ಡೇವ್ ಫ್ರಿಡ್‌ಮನ್ ಸ್ಟುಡಿಯೊಗೆ ಹೋದರು. 2002ರ ನವೆಂಬರ್ 30ರಂದು ಸಪ್ಪೊರೊದಲ್ಲಿ ಕೊನೆಯ ಕಛೇರಿ ನುಡಿಸಿ ಬ್ಯಾಂಡ್ ಮುಚ್ಚಿದರು. 2019ರಲ್ಲಿ ಮತ್ತೆ ಕೂಡಿ, 2022ರ ಕೊನೆಗೆ ಮತ್ತೊಮ್ಮೆ ಮುಚ್ಚಿದರು.

ಸಪ್ಪೊರೊ ಹೆಸರು ಬಂದದ್ದರಿಂದ ಇನ್ನಿಬ್ಬರು. ಆ ಉತ್ತರದ ಹಿಮನಗರಿಯ ಬ್ಲಡ್‌ಥರ್ಸ್ಟಿ ಬುಚರ್ಸ್, ಹೆಸರಿನಷ್ಟು ಭಯಂಕರರಲ್ಲ. ಯೊಶಿಮುರಾ ಹಿದೆಕಿ ಬರೆದ 1996ರ ‘ಕೊಕೊರೊನೊ’ ಆಲ್ಬಮಿನಲ್ಲಿ ಹಾಡುಗಳಿಗೆ ತಿಂಗಳುಗಳ ಹೆಸರು, ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ. ಡಿಸ್ಟಾರ್ಷನ್ ಇಷ್ಟು ಆರ್ದ್ರವಾಗಿ ಕೇಳಿಸುವುದು ಅಪರೂಪ. ನಂಬರ್ ಗರ್ಲ್ ಮುಚ್ಚಿದ ಮೇಲೆ ತಬುಚಿ ಸೇರಿದ್ದು ಈ ತಂಡವನ್ನೇ. ಯೊಶಿಮುರಾ 2013ರಲ್ಲಿ ತೀರಿಕೊಂಡ. ಇನ್ನೊಂದು ದ ಪಿಲ್ಲೋಸ್. 1989ರಲ್ಲಿ ನಯವಾದ ಪಾಪ್‌ನಿಂದ ಶುರುಮಾಡಿ, 90ರ ದಶಕದ ನಡುವೆ ಗಿಟಾರಿನ ಸದ್ದು ಏರಿಸಿ ದಾರಿ ಬದಲಿಸಿದವರು. ಪಿಕ್ಸೀಸ್‌ನ ಬಾಸ್ ವಾದಕಿ ಕಿಮ್ ಡೀಲ್ ಹೆಸರಿನಲ್ಲೇ ಇವರ ಹಾಡೊಂದಿದೆ. 2000ದಲ್ಲಿ ಬಂದ ‘ಫುರಿ ಕುರಿ’ ಎಂಬ ಆನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ಇವರ ಹಾಡುಗಳಿಂದಲೇ ತುಂಬಿಕೊಂಡಿದ್ದರಿಂದ ಅಮೆರಿಕದ ಹುಡುಗರಿಗೂ ಗೊತ್ತಾದರು. ಕೊಟ್ಟ ಸಾಲ ಬಡ್ಡಿ ಸಮೇತ ವಾಪಸ್ ಹೋದಂತೆ.

ಬಾಡಿಗೆ ಆಂಪ್, ಸ್ವಂತ ಪೆಡಲ್

ನಂಬರ್ ಗರ್ಲ್ ಮಾತ್ರವಲ್ಲ, ಆ ಕಾಲದ ಎಷ್ಟೋ ಜಪಾನಿ ಬ್ಯಾಂಡುಗಳ ಸದ್ದು ಸಿಯಾಟಲ್‌ಗಿಂತ ಚೊಕ್ಕಟ, ಚೂಪು. ಇದಕ್ಕೆ ಅಭಿರುಚಿಯ ಜೊತೆಗೆ ಅಲ್ಲಿನ ಮನೆಗಳೂ ಕಾರಣ ಎಂದು ನನಗೆ ಅನ್ನಿಸುತ್ತದೆ. ಸಿಯಾಟಲ್ ಹುಡುಗರಿಗೆ ನೆಲಮಾಳಿಗೆ, ಗ್ಯಾರೇಜು ಇತ್ತು. ಜಪಾನಿನ ನಗರಗಳ ಪುಟ್ಟ ಬಾಡಿಗೆ ಮನೆಗಳಲ್ಲಿ ಪಕ್ಕದವರ ಕೆಮ್ಮು ಕೇಳಿಸುತ್ತದೆ, ಡ್ರಮ್ ಬಾರಿಸುವ ಮಾತೆಲ್ಲಿ. ಹಾಗಾಗಿ ಬ್ಯಾಂಡುಗಳು ಗಂಟೆ ಲೆಕ್ಕದಲ್ಲಿ ಅಭ್ಯಾಸ ಸ್ಟುಡಿಯೊ ಬಾಡಿಗೆ ಹಿಡಿಯುತ್ತವೆ. ಅಲ್ಲಿ ಡ್ರಮ್ ಸೆಟ್ ಇರುತ್ತದೆ, ಒಂದು ಮಾರ್ಷಲ್ ಆಂಪ್ ಇರುತ್ತದೆ, ಪಕ್ಕದಲ್ಲಿ ಒಂದು ರೋಲಂಡ್ ಜೆಸಿ-120. ಯಾವ ಊರಿನ ಸ್ಟುಡಿಯೊಗೆ ಹೋದರೂ ಬಹುಪಾಲು ಇದೇ ಜೋಡಿ. ಗಿಟಾರಿಗ ರೈಲಿನಲ್ಲಿ ಹೊತ್ತು ತರುವುದು ಗಿಟಾರು ಮತ್ತು ಪೆಡಲ್ ಪೆಟ್ಟಿಗೆ ಮಾತ್ರ. ಜೆಸಿ-120 ಹೆಸರುವಾಸಿಯಾದದ್ದೇ ಸ್ವಚ್ಛ ಸದ್ದಿಗೆ, ಒರಟಾಗುವುದು ಅದರ ಗುಣವಲ್ಲ. ಅದರಲ್ಲಿ ನುಡಿಸುವವರಿಗೆ ಒರಟುತನ ಬಹುಪಾಲು ಕಾಲಡಿಯ ಪೆಡಲ್‌ನಿಂದಲೇ ಬರಬೇಕು.

ಕಛೇರಿ ನಡೆಯುವ ಲೈವ್ ಹೌಸ್‌ಗಳ ಲೆಕ್ಕವೂ ಬೇರೆಯೇ. ಹೊಸ ಬ್ಯಾಂಡಿಗೆ ‘ನೊರುಮಾ’ ಇರುತ್ತದೆ: ಇಂತಿಷ್ಟು ಟಿಕೆಟ್ ಮಾರಲೇಬೇಕು, ಮಾರದೆ ಉಳಿದದ್ದಕ್ಕೆ ಬ್ಯಾಂಡೇ ಕೈಯಿಂದ ಕಟ್ಟಬೇಕು. ನುಡಿಸಿದ್ದಕ್ಕೆ ಹಣ ಸಿಗುವುದಿರಲಿ, ನುಡಿಸಲು ಹಣ ತೆರಬೇಕು. ಅರೆಬರೆ ತಯಾರಿಯಲ್ಲಿ ವೇದಿಕೆ ಹತ್ತುವ ಸಿಯಾಟಲ್ ಶೈಲಿಯ ಉಡಾಫೆ ಇಲ್ಲಿ ದುಬಾರಿ. ಗದ್ದಲದ ಬ್ಯಾಂಡುಗಳೂ ಗಡಿಯಾರದಂತೆ ಒಟ್ಟಿಗೆ ನಿಲ್ಲುವುದಕ್ಕೆ, ಒಟ್ಟಿಗೆ ಸಿಡಿಯುವುದಕ್ಕೆ ಇದೂ ಒಂದು ಕಾರಣವಿದ್ದೀತು.

ನೇರ ವಾರಸುದಾರರು

ನಿರ್ವಾಣವನ್ನೇ ನೇರವಾಗಿ ಮೈಮೇಲೆ ಎಳೆದುಕೊಂಡವರು ಇಲ್ಲವೆಂದಲ್ಲ. ಹೆಚ್ಚಿನವರನ್ನು ಮರೆತರೆ ನಷ್ಟವಿಲ್ಲ. ಮರೆಯಬಾರದ ಹೆಸರು ಆರ್ಟ್-ಸ್ಕೂಲ್. 2000ದಲ್ಲಿ ಟೋಕಿಯೊದಲ್ಲಿ ಕಿನೋಶಿತಾ ರಿಕಿ ಕಟ್ಟಿದ ಬ್ಯಾಂಡ್. ಮೆಲ್ಲಗೆ-ಜೋರು ತಂತ್ರ, ಪವರ್ ಕಾರ್ಡ್, ತನ್ನ ಮೇಲೇ ಅಸಹ್ಯ, ಎಲ್ಲವೂ ಪಠ್ಯದಂತೆ ಇವೆ. ಉಳಿಸಿದ್ದು ಕಿನೋಶಿತಾನ ದನಿ. ಕೋಬೇನ್ ಗಂಟಲು ಹರಿದುಕೊಳ್ಳುವ ಕಡೆ ಇವನದು ತೆಳ್ಳಗೆ ನಡುಗುವ, ಶ್ರುತಿ ತಪ್ಪುವ ಅಂಚಿನಲ್ಲಿ ನಿಂತ ದನಿ. ಸದ್ದು ಎಷ್ಟು ದೊಡ್ಡದಾಗುತ್ತದೋ ಮನುಷ್ಯ ಅಷ್ಟು ಸಣ್ಣವನಾಗಿ ಕೇಳಿಸುತ್ತಾನೆ.

2012ರ ಆಲ್ಬಮಿಗೆ ಆರ್ಟ್-ಸ್ಕೂಲ್ ಶಿಕಾಗೊಗೆ, ಸ್ಟೀವ್ ಆಲ್ಬಿನಿಯ ಸ್ಟುಡಿಯೊಗೆ ಹೋಯಿತು. ಆಗ ಜೊತೆಗೆ ಬಾಸ್ ನುಡಿಸಿದ್ದು ನಂಬರ್ ಗರ್ಲ್‌ನ ನಕಾವೊ. ನಿರ್ವಾಣದ ಕೊನೆಯ ಆಲ್ಬಮ್ ‘ಇನ್ ಯುಟಿರೊ’ವನ್ನು 1993ರಲ್ಲಿ ರೆಕಾರ್ಡ್ ಮಾಡಿದವನು ಆಲ್ಬಿನಿ. ಕೋಣೆಯಲ್ಲಿ ಡ್ರಮ್ ಹೇಗೆ ಕೇಳಿಸುತ್ತದೋ ಹಾಗೇ ಹಿಡಿಯಬೇಕು, ಬ್ಯಾಂಡ್ ಒಟ್ಟಿಗೆ ನುಡಿಸಬೇಕು, ತಾನು ಕೂಲಿ ಪಡೆದು ಕೆಲಸ ಮಾಡುವವನೇ ಹೊರತು ಮಾರಾಟದಲ್ಲಿ ಪಾಲು ಕೇಳುವವನಲ್ಲ ಎಂಬುದು ಅವನ ನಿಯಮ. ನಿರ್ವಾಣದಿಂದಲೂ ರಾಯಲ್ಟಿ ತೆಗೆದುಕೊಳ್ಳಲಿಲ್ಲ. ಇವನ ಜಪಾನ್ ನಂಟು ಹಳೆಯದು, 90ರ ದಶಕದ ಆರಂಭದಲ್ಲೇ ಟೋಕಿಯೊದ ಜೆನಿ ಗೆವಾ ಎಂಬ ಉಕ್ಕಿನಂಥ ತಂಡವನ್ನು ರೆಕಾರ್ಡ್ ಮಾಡಿದ್ದ. ಮುಂದೆ ಮೋನೊ ತಂಡದ ಆಲ್ಬಮ್‌ಗಳನ್ನೂ ಮಾಡಿದ. 2024ರ ಮೇ ತಿಂಗಳಲ್ಲಿ ತೀರಿಕೊಂಡ.

ಮೂರನೇ ತಲೆಮಾರು

ನರುಟೊ ಆನಿಮೆ ನೋಡಿದ ಕನ್ನಡದ ಹುಡುಗ ಹುಡುಗಿಯರು ಈ ವಂಶಾವಳಿಯ ಒಂದು ಕೊಂಬೆಯನ್ನು ಗೊತ್ತಿಲ್ಲದೆಯೇ ಕೇಳಿದ್ದಾರೆ. ಆ ಸರಣಿಯ ಎರಡನೇ ಆರಂಭಗೀತೆ ಏಷ್ಯನ್ ಕುಂಗ್-ಫು ಜನರೇಷನ್ ಬ್ಯಾಂಡಿನದು. 1996ರಲ್ಲಿ ಯೊಕೊಹಾಮಾದ ಕಾಲೇಜು ಹುಡುಗರು ಕಟ್ಟಿದ ಬ್ಯಾಂಡ್ ಇದು. ಇವರ ಮೊದಲ ಪೂರ್ಣ ಆಲ್ಬಮಿನ ‘ಎನ್.ಜಿ.ಎಸ್’ ಎಂಬ ಹಾಡಿನ ಹೆಸರನ್ನು ಬಿಡಿಸಿದರೆ ನಂಬರ್ ಗರ್ಲ್ ಸಿಂಡ್ರೋಮ್. ಪಿಕ್ಸೀಸ್ ಹೆಸರನ್ನು ನಂಬರ್ ಗರ್ಲ್ ಹಾಡಿಗಿಟ್ಟಿತು, ನಂಬರ್ ಗರ್ಲ್ ಹೆಸರನ್ನು ಇವರು ಹಾಡಿಗಿಟ್ಟರು. 2022ರಲ್ಲಿ ‘ಬೊಚ್ಚಿ ದ ರಾಕ್’ ಆನಿಮೆ ಬಂದಾಗ ಅದರ ನಾಲ್ವರು ಹುಡುಗಿಯರಿಗೆ ಏಷ್ಯನ್ ಕುಂಗ್-ಫು ಜನರೇಷನ್‌ನ ನಾಲ್ವರ ಮನೆತನದ ಹೆಸರುಗಳೇ: ಗೊತೊ, ಕಿತಾ, ಯಮಾದಾ, ಇಜಿಚಿ. ಕಥೆ ನಡೆಯುವುದು ಶಿಮೊಕಿತಜಾವಾದಲ್ಲಿ, ಅಲ್ಲಿನ ಶೆಲ್ಟರ್ ಎಂಬ ನಿಜವಾದ ಲೈವ್ ಹೌಸಿನ ಅಚ್ಚಿನಲ್ಲಿ ಬರೆದ ನೆಲಮಾಳಿಗೆಯಲ್ಲಿ. ನಾಚಿಕೆಯ ಹುಡುಗಿ ನೊರುಮಾ ಟಿಕೆಟ್ ಯಾರಿಗೆ ಮಾರಲಿ ಎಂದು ಒದ್ದಾಡುವ ಪ್ರಸಂಗವೂ ಇದೆ. ಇಷ್ಟು ಹೊತ್ತಿಗೆ ಸಿಯಾಟಲ್ ಬಹಳ ದೂರ ಉಳಿದಿದೆ, ಆದರೂ ಪಲ್ಲವಿ ಬಂದಾಗ ಪೆಡಲ್ ತುಳಿಯುವ ಕಾಲು ಅದೇ.

ಇವತ್ತಿನವರಲ್ಲಿ ಹಿತ್ಸುಜಿ ಬುಂಗಾಕು ಕೇಳಿ. ಶಿಯೊತ್ಸುಕಾ ಮೊಯೆಕಾಳ ಗಿಟಾರಿನಲ್ಲಿ ಮಂಜು ಮತ್ತು ಮರಳುಕಾಗದ ಎರಡೂ ಇವೆ. 2023ರಲ್ಲಿ ‘ಜುಜುತ್ಸು ಕೈಸೆನ್’ ಆನಿಮೆಯ ಕೊನೆಗೆ ಬರುತ್ತಿದ್ದ ಹಾಡು ಇವರದೇ.

ಎಲ್ಲಿಂದ ಶುರುಮಾಡಲಿ ಎನ್ನುವವರಿಗೆ: ಮೊದಲು ಪಿಕ್ಸೀಸ್‌ನ ಯಾವುದಾದರೂ ಆಲ್ಬಮ್, ಅದರ ಬೆನ್ನಿಗೇ ‘ಸ್ಕೂಲ್ ಗರ್ಲ್ ಡಿಸ್ಟಾರ್ಷನಲ್ ಅಡಿಕ್ಟ್’. ಕಿವಿ ಒಗ್ಗಿದರೆ ‘ಕೊಕೊರೊನೊ’. ಬೋರಿಸ್‌ಗೆ ‘ಪಿಂಕ್’ ಸಾಕು, ಒಂದು ಗಂಟೆಯ ‘ಆಬ್ಸಲ್ಯೂಟೆಗೊ’ಗೆ ಅವಸರವಿಲ್ಲ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಬಾಸ್ ಕೇಳಿಸದಿದ್ದರೆ ಇವರೆಲ್ಲ ಬರೀ ಕಿರುಚಿದಂತೆ ಕೇಳಿಸುತ್ತಾರೆ, ಮನೆಯವರು ಬೈಯುತ್ತಾರೆ, ತಪ್ಪು ಅವರದಾಗಿರುವುದಿಲ್ಲ.